‘ಸರ್ವರ್ ಇಲ್ಲ’ ಎಂಬ ಮಾತು

ಕಳೆದ ಇಪ್ಪತ್ತು ವರ್ಷಗಳಲ್ಲಿ ನಮ್ಮ ಸೀಮೆಯ ಆಡುಮಾತಿಗೆ ಬಂದು ಸೇರಿದ ಪದಗಳಲ್ಲಿ ‘ಸರ್ವರ್’ ಎಂಬುದಕ್ಕೆ ಒಂದು ವಿಶೇಷ ಸ್ಥಾನವಿದೆ. ನಮ್ಮ ತಂದೆಯವರ ಕಾಲದಲ್ಲಿ ಸರ್ವರ್ ಎಂದರೆ ಬಸವನ ಬಾಗೇವಾಡಿಯ ಹೋಟೆಲಿನಲ್ಲಿ ಚಹದ ಕಪ್ಪು ತಂದಿಡುವ ಹುಡುಗ. ಈಗ ಆ ಪದವು ಕಣ್ಣಿಗೆ ಕಾಣದ, ಎಲ್ಲಿದೆಯೆಂದು ಯಾರೂ ಅರಿಯದ, ಇದ್ದಾಗ ಯಾರೂ ನೆನೆಯದ, ಇಲ್ಲದಾಗ ಮಾತ್ರ ಊರಿಗೆ ಊರೇ ಹೆಸರು ಹಿಡಿದು ಕರೆಯುವ ಒಂದು ಶಕ್ತಿಗೆ ಸಲ್ಲುತ್ತಿದೆ. “ಸರ್ವರ್ ಇಲ್ರಿ, ನಾಳಿ ಬರ್ರಿ” ಎಂಬ ಮಾತನ್ನು ಕೇಳದ ರೈತನು ನಮ್ಮ ಮಸೂತಿಯಲ್ಲಿ ಇರಲಾರ. ಒಮ್ಮೆ ನನ್ನ ಎದುರಿಗೇ ಒಬ್ಬ ಆಯಿ, ಮೂರನೆಯ ದಿನವೂ ಬರಿಗೈಯಲ್ಲಿ ಹಿಂದಿರುಗುವ ಮುನ್ನ, ಸೇವಾಕೇಂದ್ರದ ಹುಡುಗನನ್ನು ಕೇಳಿದಳು: “ಅಲ್ಲೋ ತಮ್ಮಾ, ಆ ಸರ್ವರ್ ಅನ್ನಾಂವ ಸಂತಿಗಿ ಹೋಗ್ಯಾನೋ, ಬೀಗರ ಮನಿಗಿ ಹೋಗ್ಯಾನೋ?”

ನಕ್ಕೆವು. ಆದರೆ ಆ ಪ್ರಶ್ನೆಯಲ್ಲಿ ನಗುವಂತಹುದು ಏನೂ ಇರಲಿಲ್ಲವೆಂದು ಆಮೇಲೆ ನನಗೆ ತೋರಿತು. ಇಲ್ಲದವನು ಎಲ್ಲಿ ಹೋಗಿದ್ದಾನೆ, ಎಷ್ಟು ಹೊತ್ತು ಹೋಗಿದ್ದಾನೆ, ದಿನವೂ ಹೀಗೆಯೇ ಹೋಗುತ್ತಾನೆಯೆ ಎಂದು ಕೇಳುವುದು ಸರಿಯಾದ ವಿಚಾರಣೆಯೇ ಅಲ್ಲವೆ? ಆ ವಿಚಾರಣೆಯನ್ನು ನಾನು ಹೇಗೆ ನಡೆಸಿದೆ, ಅದರಲ್ಲಿ ಎಷ್ಟು ಸಲ ಎಡವಿದೆ ಎಂಬುದೇ ಈ ಹೊತ್ತಿನ ನನ್ನ ಮಾತಿನ ವಿಷಯ.

ಹಿಂದೆ ಉತಾರ ಬೇಕೆಂದರೆ ತಲಾಟಿಯ ದಫ್ತರವನ್ನು ಕಾಯಬೇಕಾಗಿತ್ತು. ಈ ಶತಮಾನದ ಆರಂಭದಲ್ಲಿ ‘ಭೂಮಿ’ ಯೋಜನೆಯು ಬಂದು, ರಾಜ್ಯದ ಸುಮಾರು ಎರಡು ಕೋಟಿ ಪಹಣಿಗಳು ಗಣಕಯಂತ್ರಕ್ಕೆ ಏರಿದವು. ಕೈಬರಹದ ಉತಾರಕ್ಕೆ ಬೆಲೆ ಇಲ್ಲದಾಯಿತು. ಅದರಿಂದ ಆದ ಲಾಭ ಸಣ್ಣದಲ್ಲ. ಆ ಮಾತನ್ನು ಮರೆತು ದೂರುವುದು ಕೃತಘ್ನತೆಯಾದೀತು. ಅದರ ಹಿಂದೆಯೇ ಪಡಿತರ, ಪಿಂಚಣಿ, ಜಾತಿ-ಆದಾಯದ ಪ್ರಮಾಣಪತ್ರ, ಬೆಳೆವಿಮೆ, ಹೀಗೆ ಬದುಕಿನ ಒಂದೊಂದು ಕಾಗದವೂ ತಂತಿಯ ಆಚೆಗಿನ ಯಾವುದೋ ಯಂತ್ರದ ವಶಕ್ಕೆ ಹೋಯಿತು. ದಫ್ತರದ ಕಾಲದಲ್ಲಿ ತಲಾಟಿ ಊರಲ್ಲಿಲ್ಲವೆಂದರೆ ಅವನ ಮನೆಯ ಬಾಗಿಲಿಗೆ ಹೋಗಿ ನೋಡಬಹುದಾಗಿತ್ತು. ಈಗ ನೋಡುವುದೆಲ್ಲಿ?

2023ರ ಮುಂಗಾರಿನಲ್ಲಿ ನನ್ನ ಕಾಕಾ ತಮ್ಮ ತೊಗರಿಯ ಹೊಲಕ್ಕೆ ವಿಮೆ ಮಾಡಿಸಬೇಕೆಂದಿದ್ದರು. ಅದಕ್ಕೆ ಒಂದು ದಾಖಲೆ ಬೇಕಾಗಿತ್ತು. ಅದು ಯಾವ ದಾಖಲೆ, ಯಾವ ತಾಣದಿಂದ ಬರಬೇಕಾಗಿತ್ತು ಎಂಬುದನ್ನು ನಾನು ಇಲ್ಲಿ ಹೇಳುವುದಿಲ್ಲ. ಹೆಸರು ಹಿಡಿದು ಆಡಿಕೊಳ್ಳುವುದು ನನ್ನ ಉದ್ದೇಶವಲ್ಲ. ಕಾಕಾ ನಾಲ್ಕು ದಿನ ಹೋದರು, ನಾಲ್ಕು ದಿನವೂ ‘ಸರ್ವರ್ ಇಲ್ಲ’. ಐದನೆಯ ದಿನ ಅವಧಿ ಮುಗಿದಿತ್ತು. ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತವೆಂದು ಸರ್ಕಾರ ಘೋಷಿಸಬೇಕಾಗಿ ಬಂದ ವರ್ಷ ಅದು. ತೊಗರಿ ಹೂವಿಗೆ ಬಂದಾಗ ಮಳೆ ಇರಲಿಲ್ಲ. ಮುಂದಿನದನ್ನು ನಾನು ವಿವರಿಸಬೇಕಾಗಿಲ್ಲ.

ಕಾಕಾ ಸಿಟ್ಟಾದದ್ದು ಮಾತ್ರ ಸರ್ವರಿನ ಮೇಲಲ್ಲ, ಸೇವಾಕೇಂದ್ರದ ಹುಡುಗನ ಮೇಲೆ. ಹುಡುಗ ಸುಳ್ಳು ಹೇಳುತ್ತಾನೆ, ಕೈ ಬೆಚ್ಚಗೆ ಮಾಡಿದವರಿಗೆ ಸರ್ವರ್ ತಾನಾಗಿಯೇ ಬರುತ್ತದೆ ಎಂದು ಅವರು ನಾಲ್ಕು ಜನರೆದುರು ಆಡಿದರು. ಹುಡುಗ ನಮ್ಮ ಓಣಿಯವನೇ. ಆ ಸಂಜೆ ಅವನು ನನ್ನ ಬಳಿಗೆ ಬಂದು, “ಕಾಕಾರು ಹಿಂಗಂದ್ರ ನಾ ಊರಾಗ ಹೆಂಗ ತಲಿ ಎತ್ಲಿರಿ?” ಎಂದನು. ಅವನ ಬಳಿ ತನ್ನ ಮಾತಿಗೆ ಸಾಕ್ಷಿ ಇರಲಿಲ್ಲ. ಕಾಕಾರ ಬಳಿ ತಮ್ಮ ಆರೋಪಕ್ಕೆ ಸಾಕ್ಷಿ ಇರಲಿಲ್ಲ. ಪುಣೆಯಲ್ಲಿ ಗಣಕಯಂತ್ರಗಳ ನಡುವೆ ಮೂವತ್ತು ವರ್ಷ ದುಡಿದು ಊರಿಗೆ ಮರಳಿದ ನನಗೆ, ಇಬ್ಬರ ನಡುವೆ ಇಡಬಹುದಾದ ಸಾಕ್ಷಿಯೊಂದನ್ನು ತಯಾರಿಸುವುದು ಸಾಧ್ಯವೆಂದು ತೋರಿತು.

ಗೊತ್ತಾದ ಹೊತ್ತಿಗೆ ಗೊತ್ತಾದ ಅಳತೆಯನ್ನು ತೆಗೆದು ಬರೆದಿಡುವುದು ನಮ್ಮ ಭಾಗಕ್ಕೆ ಹೊಸದೇನಲ್ಲ. ಆಲಮಟ್ಟಿಯ ಜಲಾಶಯದಲ್ಲಿ ನೀರಿನ ಮಟ್ಟವನ್ನು ಹೀಗೆಯೇ ನೋಡಿ ಬರೆಯುತ್ತಾರೆ. ತುಂಬಿದಾಗ ಅದು 519.60 ಮೀಟರು. ಪಕ್ಕದ ಕೂಡಗಿಯಲ್ಲಿ ತಲಾ 800 ಮೆಗಾವ್ಯಾಟಿನ ಮೂರು ಘಟಕಗಳುಳ್ಳ ಉಷ್ಣವಿದ್ಯುತ್ ಸ್ಥಾವರವಿದೆ. ವಿದ್ಯುಜ್ಜಾಲದ ಲೆಕ್ಕದಲ್ಲಿ ದಿನವನ್ನು ಹದಿನೈದು ನಿಮಿಷಗಳ 96 ತುಂಡುಗಳಾಗಿ ಕತ್ತರಿಸಿ, ಒಂದೊಂದು ತುಂಡಿಗೂ ಲೆಕ್ಕ ಇಡುತ್ತಾರೆ. ನಾನು ಮಾಡಹೊರಟದ್ದೂ ಅಷ್ಟೇ. ನದಿಯ ಬದಲಿಗೆ ತಂತಿ, ಕರೆಂಟಿನ ಬದಲಿಗೆ ಉತ್ತರ.

ಇದಕ್ಕೆ ದೊಡ್ಡ ಉಪಕರಣ ಬೇಕಾಗಿಲ್ಲ. ಮನೆಯಲ್ಲಿ ಧೂಳು ತಿನ್ನುತ್ತಿದ್ದ ಹಳೆಯ ಗಣಕವೊಂದಕ್ಕೆ ಲಿನಕ್ಸ್ ಎಂಬ ವ್ಯವಸ್ಥೆಯನ್ನು ಹಾಕಿದೆ. ಅದರಲ್ಲಿ ಶೆಲ್ ಎಂಬುದೊಂದು ಇರುತ್ತದೆ. ಚಿತ್ರಗಳನ್ನು ಒತ್ತಿ ಕೆಲಸ ಮಾಡಿಸುವ ಬದಲು, ಮಾಡಬೇಕಾದುದನ್ನು ಒಂದು ಸಾಲಿನಲ್ಲಿ ಬರೆದು ಆಜ್ಞಾಪಿಸುವ ಸ್ಥಳ ಅದು. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ 1969ರಲ್ಲಿ ಹುಟ್ಟಿದ ಯುನಿಕ್ಸ್ ಎಂಬ ವ್ಯವಸ್ಥೆಯಿಂದ ಬಂದ ಪದ್ಧತಿ. ಈ ಆಜ್ಞೆಗಳ ಸೊಗಸೆಂದರೆ ಅವುಗಳನ್ನು ಒಂದು ಕಡತದಲ್ಲಿ ಬರೆದಿಟ್ಟು, ಇಂತಿಷ್ಟು ಹೊತ್ತಿಗೊಮ್ಮೆ ತಾವೇ ನಡೆಯುವಂತೆ ನೇಮಿಸಬಹುದು. ಹಾಗೆ ನೇಮಿಸುವವನ ಹೆಸರು ಕ್ರಾನ್. ಕಾಲಕ್ಕೆ ಗ್ರೀಕರು ಹೇಳುತ್ತಿದ್ದ ‘ಕ್ರೋನೋಸ್’ ಎಂಬ ಪದದಿಂದ ಬಂದದ್ದು. ಪಂಚಾಂಗಕ್ಕೆ ಇರುವಂತೆ ಕ್ರಾನಿನ ಸಾಲಿಗೂ ಐದು ಅಂಗಗಳು: ನಿಮಿಷ, ಗಂಟೆ, ತಾರೀಖು, ತಿಂಗಳು, ವಾರ. ಐದನ್ನೂ ತುಂಬಿ, ಮುಂದೆ ಆಜ್ಞೆಯನ್ನು ಬರೆದರೆ ಮುಗಿಯಿತು. ಮುಹೂರ್ತ ಬಂದಾಗಲೆಲ್ಲ ಅದು ನಡೆಯುತ್ತದೆ. ನಾವು ನಿದ್ದೆಯಲ್ಲಿರಲಿ, ಹೊಲದಲ್ಲಿರಲಿ, ಜಾತ್ರೆಯಲ್ಲಿರಲಿ. ನಾನು ಐದು ನಿಮಿಷಕ್ಕೊಮ್ಮೆ ಎಂದು ನೇಮಿಸಿದೆ. ದಿನಕ್ಕೆ 288 ಸಲ.

ಇನ್ನು, ಮುಹೂರ್ತ ಬಂದಾಗ ಮಾಡುವುದೇನು? ಕೂಗಿ ನೋಡುವುದು. ವಿಜಾಪುರದ ಗೋಳಗುಮ್ಮಟವನ್ನು ಹತ್ತಿದವರೆಲ್ಲರೂ ಮಾಡಿದ ಕೆಲಸವೇ ಇದು. ಒಳಗಿನ ಅಂಚಿನಲ್ಲಿ ನಿಂತು ಒಂದು ಮಾತು ಆಡಿದರೆ ಅದು ಎದುರು ಗೋಡೆಗೆ ತಾಗಿ ಮರಳುತ್ತದೆ. ಮರಳಿದರೆ ಆಚೆ ಗೋಡೆ ಇದೆಯೆಂದು ಅರ್ಥ; ಮರಳುವುದಕ್ಕೆ ಹಿಡಿದ ಹೊತ್ತಿನಿಂದ ಗೋಡೆ ಎಷ್ಟು ದೂರವೆಂಬುದೂ ತಿಳಿಯುತ್ತದೆ. ಗಣಕಲೋಕದಲ್ಲಿ ಇದೇ ಕೆಲಸವನ್ನು ಮಾಡುವ ‘ಪಿಂಗ್’ ಎಂಬ ಆಜ್ಞೆಯನ್ನು 1983ರ ಡಿಸೆಂಬರಿನಲ್ಲಿ ಮೈಕ್ ಮ್ಯೂಸ್ ಎಂಬವರು ಬರೆದರು. ನೀರಿನೊಳಗೆ ಹಡಗನ್ನು ಪತ್ತೆಹಚ್ಚಲು ಹೊರಡಿಸುವ ಸದ್ದಿನ ಹೆಸರೇ ಅದಕ್ಕೆ. ಅದು ಕಳಿಸುವ ಸಂದೇಶವನ್ನು ಶಾಸ್ತ್ರದಲ್ಲಿಯೂ ‘ಪ್ರತಿಧ್ವನಿಯ ಕೋರಿಕೆ’ ಎಂದೇ ಕರೆಯುತ್ತಾರೆ.

ಒಂದು ಲೆಕ್ಕವನ್ನು ಇಲ್ಲಿ ಹೇಳಬೇಕು. ಗುಮ್ಮಟದ ಒಳಗಿನ ವ್ಯಾಸ ಸುಮಾರು 38 ಮೀಟರು. ಧ್ವನಿ ಹೋಗಿ ಬರಲು 76 ಮೀಟರು. ಸೆಕೆಂಡಿಗೆ ಸುಮಾರು 340 ಮೀಟರಿನಂತೆ ನಡೆಯುವ ಧ್ವನಿಗೆ ಅದು ಸೆಕೆಂಡಿನ ಐದನೆಯ ಒಂದು ಭಾಗಕ್ಕಿಂತ ತುಸು ಹೆಚ್ಚಿನ ದಾರಿ. ಮಸೂತಿಯಿಂದ ಬೆಂಗಳೂರು ಸುಮಾರು 500 ಕಿಲೋಮೀಟರು ಎಂದಿಟ್ಟುಕೊಳ್ಳೋಣ. ಗಾಜಿನ ಎಳೆಯೊಳಗೆ ಬೆಳಕು ಸೆಕೆಂಡಿಗೆ ಸುಮಾರು ಎರಡು ಲಕ್ಷ ಕಿಲೋಮೀಟರು ನಡೆಯುತ್ತದೆ. ಬೆಂಗಳೂರಿಗೆ ಹೋಗಿ ಬರಲು ಅದಕ್ಕೆ ಬೇಕಾದದ್ದು ಸೆಕೆಂಡಿನ ಇನ್ನೂರನೆಯ ಒಂದು ಭಾಗ. ಎಂದರೆ, ಗುಮ್ಮಟದೊಳಗೆ ಆಡಿದ ಮಾತು ನಮ್ಮ ಕಿವಿಗೆ ಮರಳುವಷ್ಟರಲ್ಲಿ ತಂತಿಯ ಸಂದೇಶವು ಬೆಂಗಳೂರಿಗೆ ನಲವತ್ತು ಸಲ ಹೋಗಿ ಬರಬಹುದು! ದಾರಿಯ ಸುತ್ತು, ನಡುವಣ ಯಂತ್ರಗಳ ತಡ ಇವೆಲ್ಲ ಸೇರಿ ವಾಸ್ತವದಲ್ಲಿ ಇದಕ್ಕಿಂತ ಹಲವು ಪಟ್ಟು ಹೆಚ್ಚು ಹಿಡಿಯುವುದು ನಿಜ. ಆದರೂ ಕಾಗದವೊಂದಕ್ಕಾಗಿ ಅರ್ಧ ನಿಮಿಷ ಕಾಯಬೇಕಾಯಿತೆಂದರೆ, ಬೆಂಗಳೂರು ದೂರ ಎಂಬುದು ಅದಕ್ಕೆ ಕಾರಣವಲ್ಲ. ಈ ಒಂದು ಮಾತು ನನ್ನ ವಿಚಾರಣೆಗೆ ಬಹಳ ಉಪಯೋಗಕ್ಕೆ ಬಂದಿತು.

ಆದರೆ ಗೋಡೆ ಇದ್ದ ಮಾತ್ರಕ್ಕೆ ಮನೆಯಲ್ಲಿ ಜನ ಇದ್ದಾರೆಂದು ಹೇಳಲಾಗುವುದಿಲ್ಲ. ಪಿಂಗಿಗೆ ಓಗೊಡುವ ಯಂತ್ರವು ಕಾಗದವನ್ನು ಕೊಡುವ ಸ್ಥಿತಿಯಲ್ಲಿ ಇಲ್ಲದೆ ಇರಬಹುದು. ಕಾಗದ ಕೊಡುವ ಯಂತ್ರವು ಪಿಂಗಿಗೆ ಓಗೊಡಬಾರದೆಂದು ಅದರ ಒಡೆಯರು ಕಟ್ಟುಮಾಡಿರಲೂಬಹುದು. ಆದುದರಿಂದ ಬಾಗಿಲಿಗೇ ಹೋಗಿ ಕೇಳುವ ಇನ್ನೊಂದು ಆಜ್ಞೆ ಬೇಕು. ಅದರ ಹೆಸರು ಕರ್ಲ್. ಸ್ವೀಡನ್ ದೇಶದ ಡೇನಿಯಲ್ ಸ್ಟೆನ್‌ಬರ್ಗ್ ಎಂಬವರು, ನಾಣ್ಯಗಳ ವಿನಿಮಯ ದರವನ್ನು ತಾನಾಗಿ ತರಿಸಿಕೊಳ್ಳಬೇಕೆಂಬ ಸಣ್ಣ ಅಗತ್ಯದಿಂದ ಆರಂಭಿಸಿ 1998ರಲ್ಲಿ ಈ ಹೆಸರಿನಲ್ಲಿ ಹೊರತಂದ ಸಾಧನ ಅದು. ಪುಟವೊಂದನ್ನು ತಂದುಕೊಡು ಎಂದರೆ ತರುತ್ತದೆ. ತಂದ ಪುಟ ಬೇಡ, ತರಲು ಹಿಡಿದ ಹೊತ್ತು ಮಾತ್ರ ಸಾಕು ಎಂದರೆ ಅದನ್ನೂ ಒಪ್ಪಿಸುತ್ತದೆ. ಜೊತೆಗೆ ಆಚೆಯ ಯಂತ್ರ ಕೊಟ್ಟ ಮೂರಂಕಿಯ ಸಂಕೇತವನ್ನು ತಿಳಿಸುತ್ತದೆ. 200 ಎಂದರೆ ಎಲ್ಲವೂ ಸರಿ. 404 ಎಂದರೆ ಕೇಳಿದ ಪುಟ ಇಲ್ಲ. 503 ಎಂದರೆ ಸದ್ಯಕ್ಕೆ ಸೇವೆ ಸಲ್ಲಿಸಲಾರೆ. ಉತ್ತರವೇ ಬಾರದಿದ್ದರೆ ಕರ್ಲ್ ಮೂರು ಸೊನ್ನೆಗಳನ್ನು ಬರೆದು ಸುಮ್ಮನಾಗುತ್ತದೆ.

ಮೈಕಿನ ಮುಂದೆ ಆಜ್ಞೆಯ ಅಕ್ಷರಗಳನ್ನೂ ಚಿಹ್ನೆಗಳನ್ನೂ ಒಂದೊಂದಾಗಿ ಓದುತ್ತ ಕುಳಿತರೆ ಕೇಳುವವರು ರೇಡಿಯೋ ಮುಚ್ಚಿ ಏಳುವುದು ಖಂಡಿತ. ಆದುದರಿಂದ ತಾತ್ಪರ್ಯ ಮಾತ್ರ ಹೇಳುತ್ತೇನೆ: ಈಗಿನ ತಾರೀಖು ವೇಳೆಗಳನ್ನು ಬರೆ, ತಾಣದ ಮೊದಲ ಪುಟವನ್ನು ಕೇಳು, ಸಂಕೇತವನ್ನೂ ಹಿಡಿದ ಹೊತ್ತನ್ನೂ ಅದೇ ಸಾಲಿನಲ್ಲಿ ಬರೆ, ಸಾಲನ್ನು ಕಡತದ ಕೊನೆಗೆ ಸೇರಿಸು. ಮೊದಲ ರೂಪ ಇಷ್ಟೇ ಆಗಿತ್ತು.

ಕೈಯಿಂದ ನಡೆಸಿದಾಗ ಸೊಗಸಾಗಿ ನಡೆದ ಈ ಆಜ್ಞೆ, ಕ್ರಾನಿನ ಸಾಲಿನಲ್ಲಿ ಬರೆದಾಗ ನಡೆಯಲೇ ಇಲ್ಲ. ಅರ್ಧ ದಿನ ತಲೆ ಕೆರೆದುಕೊಂಡ ಮೇಲೆ ನೆನಪಾಯಿತು: ಕ್ರಾನಿನ ಸಾಲಿನಲ್ಲಿ ಶೇಕಡಾ ಚಿಹ್ನೆಗೆ ಬೇರೆ ಅರ್ಥವಿದೆ, ಅಲ್ಲಿಗೆ ಸಾಲು ಮುರಿಯುತ್ತದೆ. ಕರ್ಲಿಗೆ ಹೊತ್ತನ್ನು ಕೇಳುವುದೂ, ಗಣಕಕ್ಕೆ ತಾರೀಖನ್ನು ಕೇಳುವುದೂ ಅದೇ ಚಿಹ್ನೆಯಿಂದ! ಆಜ್ಞೆಯನ್ನು ಬೇರೆ ಕಡತದಲ್ಲಿ ಬರೆದಿಟ್ಟು, ಕ್ರಾನಿಗೆ ಆ ಕಡತದ ಪೂರ್ಣ ವಿಳಾಸವನ್ನು ಕೊಟ್ಟ ಮೇಲೆ ಸರಿಹೋಯಿತು. ಪೂರ್ಣ ವಿಳಾಸ ಏಕೆಂದರೆ, ನಾವು ಕುಳಿತು ನಡೆಸುವಾಗ ಗಣಕಕ್ಕೆ ತಿಳಿದಿರುವ ಓಣಿಗಳೆಲ್ಲ ಕ್ರಾನಿಗೆ ತಿಳಿದಿರುವುದಿಲ್ಲ. ಮೂವತ್ತು ವರ್ಷ ಈ ಕೆಲಸ ಮಾಡಿದವನಿಗೆ ಇಷ್ಟು ಮರೆತಿತ್ತೆಂಬುದನ್ನು ಇಲ್ಲಿ ಒಪ್ಪಿಕೊಳ್ಳುತ್ತೇನೆ.

ಮೊದಲ ವಾರದ ಕಡತವನ್ನು ತೆರೆದು ನೋಡಿದಾಗ ನನಗೆ ಆಶ್ಚರ್ಯವಾಯಿತು. ಸಾಲುಸಾಲಾಗಿ 200, 200, 200. ಎಲ್ಲವೂ ಸರಿ! ಹಾಗಾದರೆ ಕಾಕಾರ ಮಾತೇ ನಿಜವೆ? ಹುಡುಗ ಸುಳ್ಳು ಹೇಳಿದನೆ? ಆ ಕಡತವನ್ನು ಹಿಡಿದುಕೊಂಡು ನಾನು ಅಂದೇ ಕಾಕಾರ ಬಳಿಗೆ ಹೋಗಿದ್ದರೆ ದೊಡ್ಡ ಅನ್ಯಾಯವಾಗುತ್ತಿತ್ತು. ಅದೃಷ್ಟವಶಾತ್, ಹುಡುಗ ‘ಈಗ ಸರ್ವರ್ ಇಲ್ಲ’ ಎಂದು ಹೇಳಿಕಳಿಸಿದ ಗಳಿಗೆಯಲ್ಲಿಯೇ ನಾನು ಪುಟವನ್ನು ಕಣ್ಣಾರೆ ತೆರೆದು ನೋಡಿದೆ. ತಾಂತ್ರಿಕ ತೊಂದರೆಯಿಂದಾಗಿ ಸೇವೆ ಲಭ್ಯವಿಲ್ಲ, ದಯವಿಟ್ಟು ನಂತರ ಪ್ರಯತ್ನಿಸಿ ಎಂಬ ಅರ್ಥದ ಒಂದು ವಿನಯಪೂರ್ಣ ಒಕ್ಕಣೆ ಅಲ್ಲಿತ್ತು. ಆ ಒಕ್ಕಣೆಯನ್ನು ಹೊತ್ತು ತಂದ ಪುಟದ ಸಂಕೇತ 200! ಕ್ಷಮಾಪಣೆಯ ಪತ್ರ ಸುರಕ್ಷಿತವಾಗಿ ತಲುಪಿತು, ಆದುದರಿಂದ ಎಲ್ಲವೂ ಸರಿ ಎಂಬುದು ಯಂತ್ರದ ನ್ಯಾಯ. ಅಂದಿನಿಂದ ಸಂಕೇತವನ್ನು ನಂಬುವುದನ್ನು ಬಿಟ್ಟು, ಸರಿಯಾದ ಪುಟದಲ್ಲಿ ಮಾತ್ರ ಇರುವ ಒಂದು ಪದ ಬಂದ ಪುಟದಲ್ಲಿ ಇದೆಯೆ ಎಂದು ಹುಡುಕಿಸತೊಡಗಿದೆ. ಅದಕ್ಕೆ ಗ್ರೆಪ್ ಎಂಬ ಆಜ್ಞೆಯಿದೆ. ಪದ ಸಿಕ್ಕರೆ ‘ಇದೆ’, ಸಿಗದಿದ್ದರೆ ‘ಇಲ್ಲ’. ಮೊದಲ ವಾರದ ಕಡತವನ್ನು ಅಳಿಸಿಹಾಕಿದೆ.

ಸರ್ವರ್ ಸತ್ತಾಗ ತಿಳಿಯುವುದು ಸುಲಭ. ಅದು ಜೀವಂತವಾಗಿದ್ದೂ ಉತ್ತರಿಸದೆ ಕುಳಿತಾಗಲೇ ಕಷ್ಟ. ನನ್ನ ಕರ್ಲಿಗೆ ಎಷ್ಟು ಹೊತ್ತು ಕಾಯಬೇಕೆಂದು ನಾನು ಹೇಳಿರಲಿಲ್ಲ. ಒಂದು ದಿನ ಅದು ಬಾಗಿಲಲ್ಲಿ ನಿಂತೇ ಇತ್ತು. ಐದು ನಿಮಿಷ ಕಳೆಯಿತು. ಕ್ರಾನ್ ಎರಡನೆಯವನನ್ನು ಕಳಿಸಿದ. ಮತ್ತೆ ಐದು ನಿಮಿಷ, ಮೂರನೆಯವನು. ಹಿಂದೆ ಹೋದವನು ಮರಳಿದನೆ ಎಂದು ಕ್ರಾನ್ ಕೇಳುವುದಿಲ್ಲ. ಅದು ಅವನ ಕೆಲಸವಲ್ಲ. ಸಂಜೆಯ ಹೊತ್ತಿಗೆ ಗಣಕ ಬಿಸಿಯಾಗಿ ಏದುಸಿರು ಬಿಡುತ್ತಿತ್ತು. ಆಮೇಲೆ ಎರಡು ಕಟ್ಟುಗಳನ್ನು ಹಾಕಿದೆ: ಮೂವತ್ತು ಸೆಕೆಂಡಿಗಿಂತ ಹೆಚ್ಚು ಕಾಯಕೂಡದು, ಹಿಂದಿನವನು ಒಳಗಿರುವಾಗ ಮುಂದಿನವನು ಹೊರಡಕೂಡದು. ಮೂವತ್ತು ಸೆಕೆಂಡು ಎಂಬುದು ನನ್ನ ತೀರ್ಮಾನ. ಸರದಿಯಲ್ಲಿ ಹತ್ತು ಜನ ನಿಂತಿರುವಾಗ ಕೇಂದ್ರದ ಹುಡುಗ ಒಂದು ಪುಟಕ್ಕಾಗಿ ಅದಕ್ಕಿಂತ ಹೆಚ್ಚು ಕಾಯುವುದಿಲ್ಲ. ತಡವಾಗಿ ಬರುವ ಉತ್ತರವನ್ನು ಎಲ್ಲಿಯವರೆಗೆ ಉತ್ತರವೆನ್ನಬೇಕು ಎಂಬುದನ್ನು ಯಂತ್ರ ಹೇಳಲಾರದು. ಸರದಿಯಲ್ಲಿ ನಿಂತವರನ್ನು ನೋಡಿ ನಾವೇ ಗೊತ್ತುಮಾಡಬೇಕು.

ಇಷ್ಟಾದರೂ ಆಯಿಯ ಪ್ರಶ್ನೆ ಉಳಿದೇ ಇತ್ತು. ಉತ್ತರ ಬರಲಿಲ್ಲ ಸರಿ, ಹೋದದ್ದು ಎಲ್ಲಿ? ಅವನ ಮನೆಯಲ್ಲೋ, ನಮ್ಮ ದಾರಿಯಲ್ಲೋ? ಇದಕ್ಕೆ ಎರಡು ಉಪಾಯಗಳಿವೆ. ಒಂದು ಸರಳವಾದದ್ದು. ಪ್ರತಿ ಸಲವೂ ಒಬ್ಬರನ್ನಲ್ಲ, ಮೂವರನ್ನು ಕೂಗುವುದು: ಮೊದಲು ನಮ್ಮ ಮನೆಯಲ್ಲೇ ಇರುವ ಪೆಟ್ಟಿಗೆ, ಬಳಿಕ ಎಂದೂ ನಿಲ್ಲದೆಂದು ಹೆಸರಾದ ದೂರದ ಯಾವುದಾದರೂ ತಾಣ, ಕೊನೆಗೆ ನಮಗೆ ಬೇಕಾದ ಸೇವೆ. ಮೊದಲನೆಯದೇ ಓಗೊಡದಿದ್ದರೆ ದೋಷ ನಮ್ಮ ಜಗಲಿಯಲ್ಲಿದೆ. ಅದು ಓಗೊಟ್ಟು ಎರಡನೆಯದು ಮೌನವಾಗಿದ್ದರೆ ನಮ್ಮೂರಿನ ತಂತಿ ಎಲ್ಲಿಯೋ ತುಂಡಾಗಿದೆ. ಇವೆರಡೂ ಮಾತಾಡಿ ಮೂರನೆಯದು ಮಾತ್ರ ಸುಮ್ಮನಿದ್ದರೆ ಆಗ ‘ಸರ್ವರ್ ಇಲ್ಲ’ ಎನ್ನುವುದಕ್ಕೆ ಅಧಿಕಾರ ಬರುತ್ತದೆ.

ಎರಡನೆಯ ಉಪಾಯ ಇನ್ನಷ್ಟು ಸೂಕ್ಷ್ಮವಾದದ್ದು, ನನಗೆ ಬಹಳ ಮೆಚ್ಚಿಗೆಯಾದದ್ದು. ಒಂದು ಕಾಗದ ತರಲು ತಾಲ್ಲೂಕಿನ ಊರಿಗೆ ಹೋದವನ ದಿನವನ್ನು ನೆನೆದುಕೊಳ್ಳಿ. ಕಚೇರಿ ಯಾವ ಬೀದಿಯಲ್ಲಿದೆಯೆಂದು ಕೇಳಿ ತಿಳಿಯಲು ಒಂದಿಷ್ಟು ಹೊತ್ತು. ಬಾಗಿಲು ಮುಟ್ಟಲು ಒಂದಿಷ್ಟು. ತಾನು ಯಾರು, ಎದುರಿಗಿರುವವರು ಯಾರು ಎಂದು ಪರಸ್ಪರ ಗುರುತು ಖಚಿತಪಡಿಸಿಕೊಳ್ಳಲು ಒಂದಿಷ್ಟು. ಅರ್ಜಿ ಕೊಟ್ಟು, ಗುಮಾಸ್ತರು ಒಳಗಿನಿಂದ ಕಾಗದ ತೆಗೆಯುವವರೆಗೆ ಬೆಂಚಿನ ಮೇಲೆ ಒಂದಿಷ್ಟು. ಕಾಗದವನ್ನು ಕೈಗೆ ಪಡೆಯಲು ಕೊನೆಯ ಒಂದಿಷ್ಟು. ಸಂಜೆ ಮನೆಗೆ ಬಂದವನು ‘ಇಡೀ ದಿನ ಹೋಯಿತು’ ಎನ್ನುತ್ತಾನೆ. ಎಲ್ಲಿ ಹೋಯಿತೆಂದು ಹೇಳುವುದಿಲ್ಲ. ಕರ್ಲ್ ಹೇಳುತ್ತದೆ. ಹೆಸರಿನಿಂದ ವಿಳಾಸ ಹುಡುಕಿದ್ದು, ಸಂಪರ್ಕ ಕೂಡಿದ್ದು, ಗುರುತಿನ ಗುಪ್ತಭಾಷೆ ಮುಗಿದದ್ದು, ಉತ್ತರದ ಮೊದಲ ಅಕ್ಷರ ಬಂದದ್ದು, ಕೊನೆಯ ಅಕ್ಷರ ಬಂದದ್ದು, ಈ ಐದೂ ಗಳಿಗೆಗಳನ್ನು ಅದು ಬೇರೆ ಬೇರೆಯಾಗಿ ಒಪ್ಪಿಸಬಲ್ಲದು. ಸಂಪರ್ಕ ಕೂಡಲು ತಡವಾದರೆ ದಾರಿ ಕೆಟ್ಟಿದೆ. ಸಂಪರ್ಕ ಕ್ಷಣದಲ್ಲಿ ಕೂಡಿ, ಗುರುತೂ ಮುಗಿದು, ಮೊದಲ ಅಕ್ಷರಕ್ಕಾಗಿ ಮಾತ್ರ ಬೆಂಚಿನ ಮೇಲೆ ಕಾಯಬೇಕಾಯಿತೆ? ಒಳಗಿನ ಗುಮಾಸ್ತರ ಮೇಜಿನ ಮೇಲೆ ಅರ್ಜಿಗಳ ರಾಶಿ ಬಿದ್ದಿದೆ.

ಎರಡು ತಿಂಗಳ ಕಡತವನ್ನು ಈ ರೀತಿಯಾಗಿ ಬಿಡಿಸಿ ನೋಡಿದಾಗ ಒಂದು ಚಿತ್ರ ಮೂಡಿತು. ಬೆಳಿಗ್ಗೆ ಹತ್ತೂವರೆಯಿಂದ ಮಧ್ಯಾಹ್ನ ಒಂದರವರೆಗೆ ದಾರಿ ನಿರ್ಮಲವಾಗಿರುತ್ತಿತ್ತು, ಬೆಂಚಿನ ಕಾಯುವಿಕೆ ಮಾತ್ರ ಬೆಳೆಯುತ್ತಿತ್ತು. ರಾಜ್ಯವೆಲ್ಲ ಒಂದೇ ಬಾಗಿಲಿಗೆ ನುಗ್ಗುವ ಹೊತ್ತು ಅದು. ಸಂಜೆ ಆರರ ಮೇಲೆ ಅದಕ್ಕೆ ವಿರುದ್ಧ: ಬೆಂಚು ಖಾಲಿ, ನಮ್ಮೂರಿನ ದಾರಿಯೇ ಕೆಸರು. ನಸುಕಿನಲ್ಲಿಯೂ ಬೆಳಗಿನ ಎಂಟರ ಸುಮಾರಿಗೂ ಎರಡೂ ಸುಗಮ. ಕೇಂದ್ರ ತೆರೆಯುತ್ತಿದ್ದದ್ದು ಹತ್ತು ಗಂಟೆಗೆ!

ಈ ಚಿತ್ರ ಬೆಂಗಳೂರಿನಲ್ಲಿ ಕುಳಿತವರಿಗೆ ಕಾಣುವುದಿಲ್ಲವೆಂಬುದನ್ನು ನಾನು ಒತ್ತಿ ಹೇಳಬೇಕು. ಸರ್ವರಿನ ಪಕ್ಕದಲ್ಲೇ ನಿಂತು ಸರ್ವರನ್ನು ಕೂಗಿದರೆ ಅದು ತಕ್ಷಣ ಓಗೊಡುತ್ತದೆ. ಅಲ್ಲಿಯ ಲೆಕ್ಕದ ಪುಸ್ತಕದಲ್ಲಿ ಎಲ್ಲವೂ ಹಸಿರು. ಮಸೂತಿಯ ಸರದಿಯಲ್ಲಿ ನಿಂತವನ ಅನುಭವವನ್ನು ಅಳೆಯಬೇಕಾದರೆ ಕೂಗುವ ಯಂತ್ರ ಮಸೂತಿಯಲ್ಲೇ ಇರಬೇಕು, ಮಸೂತಿಯ ತಂತಿಯಿಂದಲೇ ಕೂಗಬೇಕು. ಶೇಕಡಾ 99ರಷ್ಟು ಲಭ್ಯತೆ ಎಂದು ಯಾರಾದರೂ ಹೇಳಿದಾಗಲೂ ಹೀಗೆಯೇ ಬಿಡಿಸಿ ನೋಡಬೇಕು. ಮೂವತ್ತು ದಿನದ ತಿಂಗಳಲ್ಲಿ ಉಳಿದ ಆ ಒಂದು ಶೇಕಡಾ ಎಂದರೆ ಏಳು ಗಂಟೆ ಹನ್ನೆರಡು ನಿಮಿಷ. ಅಷ್ಟೂ ನಡುರಾತ್ರಿಗಳಲ್ಲಿ ಹಂಚಿಹೋದರೆ ಯಾರಿಗೂ ನೋವಿಲ್ಲ. ವಿಮೆಯ ಕೊನೆಯ ದಿನದ ಮೇಲೆ ಅಷ್ಟೂ ಬಿದ್ದರೆ ಒಂದು ಮನೆಯ ವರ್ಷವೇ ಹೋಗುತ್ತದೆ.

ಸರಾಸರಿಯೂ ಇದೇ ಜಾತಿಯ ಮೋಸಗಾರ. ಹತ್ತು ಸಲ ಕೇಳಿದೆವೆನ್ನಿ. ಒಂಬತ್ತು ಸಲ ಅರ್ಧ ಸೆಕೆಂಡಿನಲ್ಲಿ ಉತ್ತರ, ಒಂದು ಸಲ ಮೂವತ್ತು ಸೆಕೆಂಡು. ಸರಾಸರಿ 3.45 ಸೆಕೆಂಡು. ಈ ಮೂರೂವರೆ ಸೆಕೆಂಡನ್ನು ಅನುಭವಿಸಿದವರು ಒಬ್ಬರೂ ಇಲ್ಲ! ಆದುದರಿಂದ ನಾನು ದಿನದ 288 ಉತ್ತರಗಳನ್ನು ಚಿಕ್ಕದರಿಂದ ದೊಡ್ಡದಕ್ಕೆ ಸಾಲಾಗಿ ನಿಲ್ಲಿಸುತ್ತೇನೆ. ಸಾರ್ಟ್ ಎಂಬ ಆಜ್ಞೆ ಇದನ್ನು ಕಣ್ಣುಮುಚ್ಚಿ ತೆರೆಯುವುದರೊಳಗೆ ಮಾಡುತ್ತದೆ. ನಡುವೆ ನಿಂತಿರುವ 144ನೆಯವನನ್ನು ಕೇಳಿದರೆ ಸಾಮಾನ್ಯ ದಿನ ಹೇಗಿತ್ತೆಂದು ತಿಳಿಯುತ್ತದೆ. 274ನೆಯವನನ್ನು ಕೇಳಿದರೆ, ಇಪ್ಪತ್ತರಲ್ಲಿ ಒಬ್ಬನ ಪಾಡು ಏನಾಯಿತೆಂದು ತಿಳಿಯುತ್ತದೆ. ನಮ್ಮ ಕಾಕಾ ಯಾವಾಗಲೂ ಆ ಇಪ್ಪತ್ತನೆಯವರೇ ಆಗಿರುತ್ತಾರೆಂದು ಮನೆಯಲ್ಲಿ ತಮಾಷೆ ಮಾಡುವುದುಂಟು.

ಕಡತದಲ್ಲಿ ಸಾಲುಗಳೇ ಇಲ್ಲದ ಗಂಟೆಗಳೂ ಇದ್ದವು. ಕರೆಂಟು ಹೋದಾಗ ನನ್ನ ಯಂತ್ರವೂ ಮಲಗುತ್ತಿತ್ತು. ಸಾಲು ಇಲ್ಲವೆಂದರೆ ಸರ್ವರ್ ಇರಲಿಲ್ಲ ಎಂದಲ್ಲ, ಇತ್ತು ಎಂದೂ ಅಲ್ಲ. ನೋಡಿದವರು ಇರಲಿಲ್ಲ ಎಂದಷ್ಟೇ. ಖಾಲಿಯನ್ನು ಖಾಲಿಯೆಂದೇ ಓದಲು ಕಲಿಯುವುದಕ್ಕೆ ನನಗೆ ಕೆಲವು ದಿನ ಹಿಡಿಯಿತು. ಅದಕ್ಕಿಂತ ತಮಾಷೆಯೆಂದರೆ, ಹಳೆಯ ಗಣಕದ ಒಳಗಿನ ಗುಂಡಿಯಾಕಾರದ ಬ್ಯಾಟರಿ ಸತ್ತಿದ್ದುದರಿಂದ ಕರೆಂಟು ಮರಳಿದಾಗ ಅದು ಎಷ್ಟೋ ವರ್ಷ ಹಿಂದಿನ ತಾರೀಖಿನಲ್ಲಿ ಏಳುತ್ತಿತ್ತು. ಅಂತರ್ಜಾಲದ ಗಡಿಯಾರವನ್ನು ಕೇಳಿ ಸರಿಪಡಿಸಿಕೊಂಡ ಮೇಲೆಯೇ ಕೂಗಲು ಹೊರಡಬೇಕೆಂದು ಅದಕ್ಕೆ ಕಲಿಸಬೇಕಾಯಿತು. ವರ್ಷಕ್ಕೆ ಎರಡು ಸಲ ಗಡಿಯಾರವನ್ನು ಹಿಂದೆ ಮುಂದೆ ಮಾಡುವ ದೇಶಗಳಲ್ಲಿ ಕ್ರಾನಿನವರಿಗೆ ಇನ್ನೂ ದೊಡ್ಡ ಗೋಳು. ಆ ಒಂದು ತೊಂದರೆ ನಮಗಿಲ್ಲ.

ನಾನು ಕೇಳುತ್ತಿದ್ದದ್ದು ಯಾರೂ ನೋಡಬಹುದಾದ ಮೊದಲ ಪುಟವನ್ನು, ಅದೂ ಐದು ನಿಮಿಷಕ್ಕೊಮ್ಮೆ. ಇದನ್ನೇ ಸೆಕೆಂಡಿಗೊಮ್ಮೆ ಮಾಡಿ, ಸಾವಿರ ಜನ ಸೇರಿ ಮಾಡಿದರೆ ಅದು ವಿಚಾರಣೆಯಲ್ಲ, ದಾಳಿ. ರೋಗಿಯ ನಾಡಿಯನ್ನು ದಿನಕ್ಕೆ ನಾಲ್ಕು ಸಲ ನೋಡುವವನು ವೈದ್ಯ; ಕೈಯನ್ನೇ ಬಿಡದವನು ಬೇರೆಯೇ ಸಮಸ್ಯೆ.

ಕೊನೆಗೆ ಕಡತವನ್ನು ಮುದ್ರಿಸಿ ಕಾಕಾರ ಮುಂದಿಟ್ಟೆ. ಹುಡುಗನೂ ಇದ್ದ. ತಾನು ‘ಸರ್ವರ್ ಇಲ್ಲ’ ಎಂದು ಜನರನ್ನು ಹಿಂದೆ ಕಳಿಸಿದ ದಿನಗಳನ್ನು ಅವನು ಕೇಂದ್ರದ ಕ್ಯಾಲೆಂಡರಿನಲ್ಲಿ ಗುರುತು ಮಾಡಿಟ್ಟಿದ್ದ. ಒಂದೊಂದೇ ಗುರುತನ್ನು ನನ್ನ ಸಾಲುಗಳೊಡನೆ ತಾಳೆ ನೋಡಿದೆವು. ಒಂದನ್ನು ಬಿಟ್ಟು ಎಲ್ಲವೂ ಹೊಂದಿದವು. ಕಾಕಾ ಕನ್ನಡಕವನ್ನು ತೆಗೆದು ಒರೆಸಿಕೊಂಡರು. ಕ್ಷಮೆ ಕೇಳುವುದು ನಮ್ಮ ಮನೆತನದ ಪದ್ಧತಿಯಲ್ಲ, ಚಹ ತರಿಸಿದರು.

ಆದರೆ ಆ ಒಂದು ದಿನ? ನನ್ನ ಕಡತದ ಪ್ರಕಾರ ಅಂದು ಬೆಳಿಗ್ಗೆಯಿಂದ ಸಂಜೆಯವರೆಗೆ ಎಲ್ಲವೂ ನಿರ್ಮಲ, ಹುಡುಗ ಮಾತ್ರ ಇಪ್ಪತ್ತು ಜನರನ್ನು ಹಿಂದೆ ಕಳಿಸಿದ್ದ. ಕಾಕಾರ ಹುಬ್ಬು ಮೇಲೇರಿತು. ಹುಡುಗ ಸ್ವಲ್ಪ ಹೊತ್ತು ಯೋಚಿಸಿ, “ಅವತ್ತ ಹೆಬ್ಬಟ್ಟಿನ ಮಷೀನ್ ಕೆಟ್ಟಿತ್ರಿ. ಹೆಬ್ಬಟ್ಟ ತಗೋಲಿಲ್ಲಂದ್ರ ಮುಂದ ಹೋಗಾಂಗಿಲ್ಲ. ಮಂದಿಗಿ ಏನಂತ ಹೇಳ್ಲಿ? ಸರ್ವರ್ ಇಲ್ಲ ಅಂದ್ನಿ” ಎಂದನು. ನಿಜವೇ. ನನ್ನ ಯಂತ್ರಕ್ಕೆ ಹೆಬ್ಬೆರಳಿಲ್ಲ. ಅದು ಬಾಗಿಲವರೆಗೆ ಹೋಗಿ ಒಳಗೆ ಇಣುಕಿ ಬರುತ್ತದೆಯೇ ಹೊರತು, ಅರ್ಜಿ ತುಂಬಿ, ಬೆರಳೊತ್ತಿ, ಹಣ ಕಟ್ಟಿ, ಕಾಗದ ಪಡೆದು ಬರುವುದಿಲ್ಲ. ಬಾಗಿಲು ತೆರೆದಿತ್ತು ಎಂಬುದಕ್ಕೆ ಅದು ಸಾಕ್ಷಿ. ಕೆಲಸವಾಯಿತು ಎಂಬುದಕ್ಕೆ ಅಲ್ಲ. ಅಂದಿನಿಂದ ಹುಡುಗ ಕ್ಯಾಲೆಂಡರಿನಲ್ಲಿ ಎರಡು ಬಣ್ಣದ ಗುರುತು ಹಾಕುತ್ತಾನೆ: ಸರ್ವರಿಗೆ ಕೆಂಪು, ಹೆಬ್ಬಟ್ಟಿಗೆ ನೀಲಿ. ಕೇಂದ್ರವನ್ನು ಎಂಟು ಗಂಟೆಗೇ ತೆರೆಯುತ್ತಾನೆ. ಮರು ಮುಂಗಾರಿನಲ್ಲಿ ಕಾಕಾರ ತೊಗರಿಯ ಕಾಗದಗಳು ಒಂದೇ ಬೆಳಗಿನಲ್ಲಿ ಮುಗಿದವು.

ಕಾಯುವವನನ್ನು ಕಾಯುವವರು ಯಾರು ಎಂಬ ಹಳೆಯ ಪ್ರಶ್ನೆಗೆ ನಾನು ಕಂಡುಕೊಂಡ ಪರಿಹಾರ ಸಣ್ಣದು. ಪ್ರತಿದಿನ ಬೆಳಿಗ್ಗೆ ಆರು ಗಂಟೆಗೆ ಯಂತ್ರವು ಪುಣೆಯಲ್ಲಿರುವ ನನ್ನ ಮಗಳಿಗೆ, ನಿನ್ನೆ 288ರಲ್ಲಿ ಎಷ್ಟು ಸಾಲು ಬರೆದೆನೆಂದು ಒಂದು ಸಂದೇಶ ಕಳಿಸುತ್ತದೆ. ಸಂದೇಶ ಬಂದರೆ ಅವಳು ಸುಮ್ಮನಿರುತ್ತಾಳೆ. ಬಾರದಿದ್ದರೆ ನನಗೆ ಫೋನು ಮಾಡುತ್ತಾಳೆ. ಹೋದ ತಿಂಗಳು ಒಂದು ಬೆಳಿಗ್ಗೆ ಫೋನು ಬಂದಿತು. ಅಟ್ಟದ ಮೇಲೆ ಹತ್ತಿ ನೋಡಿದೆ. ಇಲಿಯೊಂದು ತಂತಿಯನ್ನು ಕಡಿದಿತ್ತು. ಕಾಕಾ ಕೆಳಗಿನಿಂದಲೇ ಕೂಗಿ ಕೇಳಿದರು: “ಏನಾತೋ ತಮ್ಮಾ? ಸರ್ವರ್ ಇಲ್ಲೇನು?”